ಬೆಂಚಿನ ಮಾವನ ಮಾರ್ಕು

ಬೀದಿ ತುದಿಯ ಕ್ಲಿನಿಕ್ಕಿಗೆ ಡಾಕ್ಟರಮ್ಮನಿಗಿಂತ ಮೊದಲೇ ಬಂದು ಬಾಗಿಲ ಪಕ್ಕದ ಬೆಂಚು ಹಿಡಿಯುವವರು ಬೆಂಚಿನ ಮಾವ. ಅವರನ್ನು ಯಾರಾದರೂ ರೋಗಿ ಅಂದುಕೊಂಡರೆ ಕೋಪ ನೆತ್ತಿಗೇರುತ್ತದೆ. ಅವರು ಬರುವುದು ಡಾಕ್ಟರಮ್ಮನಿಗೆ ಮಾರ್ಕು ಹಾಕಲಿಕ್ಕೆ. ಔಷಧಿ ಚೀಟಿ ಹಿಡಿದು ಹೊರಬಂದವರು ಅವರ ಕಣ್ತಪ್ಪಿಸಿ ಮನೆಗೆ ಹೋಗುವಂತಿಲ್ಲ. "ನಾಲಗೆ ನೋಡಿದ್ರಾ? ರೆಪ್ಪೆ ಎಳೆದ್ರಾ? ಬರೀ ಮಾತ್ರೆ ಬರ್ಕೊಟ್ರಾ? ಹಾಗಿದ್ರೆ ಜಸ್ಟ್ ಪಾಸ್!" ಸ್ಟೆತಾಸ್ಕೋಪು ಎದೆಗೆ ತಣ್ಣಗೆ ತಗುಲಿದರೆ ಮಾರ್ಕು ಕಟ್. ಕೆಮ್ಮಿನ ಕತೆಯನ್ನು ಅತ್ತೆಯ ಜಗಳದಿಂದ ಶುರುಮಾಡಿದ ಸೊಸೆಯನ್ನು ನಡುವೆ ತಡೆದರೂ ಕಟ್. ಇಂಜೆಕ್ಷನ್ನಿಗಂತೂ ಕಾಯಿದೆಯೇ ಇದೆ: ಚುಚ್ಚಿಸಿಕೊಂಡ ಮಗುವಿನ ಅಳು ಬಾಗಿಲಲ್ಲೇ ನಿಂತರೆ ಫಸ್ಟ್ ಕ್ಲಾಸ್, ಬೀದಿ ಮುಟ್ಟಿದರೆ ಫೇಲ್. ತಮ್ಮ ಸರದಿ ಬಂದಾಗ ಮಾತ್ರ "ನಂದೇನು ಅವಸರ, ನೀವು ಹೋಗಿ" ಎಂದು ಬಲಗೈಯಿಂದ ಪಕ್ಕದವರನ್ನು ಒಳಗೆ ತಳ್ಳುತ್ತಾರೆ. ಎಡಗೈ ಸದಾ ಕೋಟಿನ ಜೇಬಿನಲ್ಲಿ. ಎಂಥ ಸೆಕೆಗೂ ಅದು ಹೊರಬಂದದ್ದಿಲ್ಲ. ಮೊನ್ನೆ ಬೆಂಚು ಖಾಲಿಯಾದ ಮೇಲೆ ಡಾಕ್ಟರಮ್ಮನೇ ಹೊರಗೆ ಬಂದು, ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಉಜ್ಜುತ್ತಾ ಮಾವನ ಪಕ್ಕ ಕೂತರು. "ಬೆಚ್ಚಗಿದೆ ನೋಡಿ, ಮಾವ. ಈಗ ಆ ಕೈ ಕೊಡಿ." ಮಾವ ಗಡಿಯಾರದ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು, ಒಳಗೆ ತಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮೆಲ್ಲಗೆ ಜೇಬಿನಿಂದ ಹೊರಬಂದ ಕೈ ಹೇಳಿದ ಮಾತು ಕೇಳದೆ ನಡುಗುತ್ತಿತ್ತು. ಅದನ್ನು ಡಾಕ್ಟರಮ್ಮನ ಅಂಗೈಯಲ್ಲಿಟ್ಟು ಮಾವ ಗದರಿದರು: "ಅಳು ಬೀದಿ ಮುಟ್ಟಿದ್ರೆ ಫೇಲು. ನೆನಪಿರ್ಲಿ!"