ಮೊಮ್ಮಗಳ ಮೊದಲ ಕೆಲಸ ಮತ್ತು ನನ್ನ ಫೋನು

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಗುಂಡ್ಲುಪೇಟೆಯ ಮಂಡಿಯೊಂದರಲ್ಲಿ ವರ್ಷಗಟ್ಟಲೆ ಈರುಳ್ಳಿ ತೂಗಿ, ಈಗ ಹಂಗಳದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಕಂಪ್ಯೂಟರ್ ಓದಿ ಚಾಮರಾಜನಗರದ ಸಣ್ಣ ಕಂಪನಿಯೊಂದಕ್ಕೆ ಸೇರಿದಳು. ಅಂಗಡಿ, ಆಫೀಸುಗಳ ಕಂಪ್ಯೂಟರಿಗೆ ಕಳ್ಳರು ಹೇಗೆ ನುಗ್ಗಬಹುದೆಂದು, ಮಾಲೀಕರ ಒಪ್ಪಿಗೆ ಪಡೆದು ಪರೀಕ್ಷಿಸುವ ಕೆಲಸ. ಅವಳಿಗೆ ಮೊದಲು ಸಿಕ್ಕಿದ್ದು ನಾನು ದುಡಿದ ಮಂಡಿಯೇ.

"ರಿಪೇರಿಯವ್ಳು ಅಂತ ಓಯ್ತೀನಿ ತಾತ. ಗುರುತು ಕೇಳ್ದೆ ಒಳಕ್ಕೆ ಬುಡ್ತಾರಾ ನೋಡ್ಬೇಕು. ಯಾರ್ಗೂ ಏಳ್ಬ್ಯಾಡ" ಎಂದಳು.

"ನಾನ್ಯಾಕೆ ಏಳ್ಲಿ ಕಣಮ್ಮಿ" ಎಂದೆ.

ಅವಳು ಬಸ್ಸು ಹತ್ತಿದ ಮೇಲೆ ಮನಸ್ಸು ತಡೆಯಲಿಲ್ಲ. ಮಂಡಿಯಲ್ಲಿ ಹೊಸಬರನ್ನು ಗದರಿಸಿಯೇ ಮಾತಾಡಿಸುವುದು. ನಮ್ಮಲ್ಲಿ ಮನೆಯ ಹೆಣ್ಣುಮಗಳು ಎಲ್ಲಿಗೆ ಹೊರಟರೂ ಅಲ್ಲಿನ ಪರಿಚಯದವರಿಗೆ ಒಂದು ಮಾತು ಹೇಳಿಡುತ್ತೇವೆ. ನಾನೇ ಕೆಲಸ ಕಲಿಸಿದ ಗುಮಾಸ್ತನಿಗೆ ಫೋನು ಮಾಡಿದೆ.

"ಮೊಮ್ಮಗ್ಳು ಬತ್ತಾವ್ಳೆ ಕಣ್ಲಾ, ಕಂಪ್ಯೂಟರ್ ನೋಡಕ್ಕೆ. ಕೂರ್ಸಿ ಟೀ ಕೊಡು. ನಾನೇಳ್ದೆ ಅನ್ಬ್ಯಾಡ."

"ನಿಮ್ಮ ಮಗು ನಮ್ಮ ಮಗು ಅಲ್ವಾ, ಬುಡಿ ಅಣ್ಣ" ಎಂದ.

ಸಂಜೆ ಅವಳು ಕುಣಿಯುತ್ತಾ ಬಂದಳು. "ಗುರುತೇ ಕೇಳ್ನಿಲ್ಲ ತಾತ! ಟೀ, ಬನ್ನು ಕೊಟ್ಟು, ಪಾಸ್‌ವರ್ಡೂ ಅವ್ರೇ ಒತ್ಕೊಟ್ರು!" ಆ ಮುಖ ನೋಡಿ, ಫೋನಿನ ಮಾತು ನಾಳೆಗಿರಲಿ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಕೂತು ವರದಿ ಓದಿ ಹೇಳಿದಳು: ಗುಮಾಸ್ತರು ಅಪರಿಚಿತಳನ್ನು ವಿಚಾರಿಸದೆ ಬಿಟ್ಟರು. ಅದನ್ನು ಮಾಲೀಕರು ಓದಿದರೆ ಅವನನ್ನು ಸುಮ್ಮನೆ ಬಿಡುವವರಲ್ಲ. ಅವನು ಬಿಟ್ಟಿದ್ದು ನನ್ನ ಮಾತಿಗೆ; ಇವಳ ಮೊದಲ ವರದಿಯೇ ಸುಳ್ಳಾಗುತ್ತದೆ. ರೊಟ್ಟಿಯ ತಟ್ಟೆ ಪಕ್ಕಕ್ಕಿಟ್ಟೆ. ಗುಮಾಸ್ತನಿಗೆ ಫೋನು ಮಾಡಿದ್ದನ್ನು ಹೇಳಿಬಿಟ್ಟೆ.

"ಎಂಥ ಕೆಲ್ಸ ಮಾಡ್ಬುಟ್ಟೆ ತಾತ!" ಅವಳ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು, ನನ್ನೆದುರಿಗೇ ಕಂಪನಿಯ ಮೇಲಿನವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ತಾತನಿಗೆ ಹೇಳಿದ್ದು ತನ್ನದೇ ತಪ್ಪು ಎಂದಳು. ನನ್ನನ್ನು ಒಂದು ಮಾತೂ ದೂರಲಿಲ್ಲ.

ಕೆಲಸ ಉಳಿಯಿತು. ಮಂಡಿಗೆ ಮಾತ್ರ ಬೇರೊಬ್ಬಳನ್ನು ಕಳಿಸಿದರು. ಗುಮಾಸ್ತ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಮಾಲೀಕರನ್ನು ಕೇಳಿದನಂತೆ. ಅವನಿಗೆ ಒಳ್ಳೆಯ ಹೆಸರು ಬಂತು. ನನ್ನ ಮೊಮ್ಮಗಳ ಮೊದಲ ಕೆಲಸ ಮಾತ್ರ ನನ್ನಿಂದ ಇನ್ನೊಬ್ಬಳ ಪಾಲಾಯಿತು.

ಈಗ ಅವಳು ಎಲ್ಲಿಗೆ ಹೊರಟಳೆಂದು ನಾನು ಕೇಳುವುದಿಲ್ಲ. ಊಟದ ಡಬ್ಬಿ ಹಿಡಿದು ಬಸ್‌ಸ್ಟಾಪಿನವರೆಗೆ ಹೋಗುತ್ತೇನೆ. ಬಸ್ಸು ಕಂಡ ಕೂಡಲೆ ಅವಳು ನಗುತ್ತಾಳೆ: "ಬೋರ್ಡ್ ಓದ್ಬ್ಯಾಡ ತಾತ, ಆ ಕಡೆ ತಿರುಗ್ಕೊ."

ಡಬ್ಬಿ ಅವಳ ಕೈಗಿಟ್ಟು, ಬಸ್ಸು ಹೊರಡುವವರೆಗೆ ಹೊಲದ ಕಡೆ ಮುಖ ಮಾಡಿ ನಿಲ್ಲುತ್ತೇನೆ.