ಸದ್ದಿಲ್ಲದ ಆಟ

ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರ್. ಹಾಸನದಿಂದ ದಿನಾ ಬಸ್ಸಿನಲ್ಲಿ ಹೋಗಿ, ಊರವರ ಮಕ್ಕಳನ್ನೆಲ್ಲ ಓಡಿಸಿ ಬೆವರಿಳಿಸಿ ಬರುತ್ತಿದ್ದೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ನರ್ಸರಿ ಬಿಟ್ಟ ಮೇಲೆ, ಮಕ್ಕಳನ್ನು ನೋಡಿಕೊಳ್ಳುವ ಪಕ್ಕದ ಬೀದಿಯ ಮನೆಯೊಂದರಲ್ಲಿ ನಾನು ಬರುವತನಕ ಟೀವಿ ಮುಂದೆ ಕೂತಿರುತ್ತಿದ್ದಳು. ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಕೂತು ಏದುಸಿರು ಬಿಡುತ್ತಿದ್ದಳು.

ಡಾಕ್ಟರಿಗೆ ತೋರಿಸಿದೆ. ‘ಕಾಯಿಲೆ ಏನಿಲ್ಲ. ಕಾಲಿಗೆ ಕೆಲಸ ಕೊಟ್ಟಿಲ್ಲ ಅಷ್ಟೆ. ಮನೇಲೇ ದಿನಾ ಒಂದು ಗಂಟೆ ಕುಣಿಸಿ’ ಎಂದರು. ನನ್ನ ಕೆಲಸ ಏನೆಂದು ಕೇಳಿದರು. ಹೇಳಿದೆ. ಪೆನ್ನು ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿದರು, ಮತ್ತೆ ಬರೆಯತೊಡಗಿದರು.

ಅವತ್ತೇ ಸಂಜೆ ನಡುಮನೆಯಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳನ್ನು ಗೀಚಿದೆ. ದಿಂಬುಗಳನ್ನು ಪೇರಿಸಿ ಬೆಟ್ಟ ಮಾಡಿದೆ. ಅಡುಗೆಮನೆಯತನಕ ಇಬ್ಬರೂ ಕಪ್ಪೆಗಳಾಗಿ ಕುಪ್ಪಳಿಸಿದೆವು. ಮೂರು ವಾರಕ್ಕೆ ಮಗಳು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ, ಮೇಲೆ ನಿಂತು, ‘ಅಮ್ಮ ನಿಧಾನ’ ಎಂದು ನಗತೊಡಗಿದಳು.

ಆಗ ಕೆಳಗಿನಿಂದ ಮನೆ ಓನರ್ ಬಂದರು. ಬಾಗೂರು ಕಡೆಯ ಹೆಂಗಸು. ಅವರ ಗಂಡ ಲಕ್ವ ಹೊಡೆದು ಮಲಗಿದ್ದರು.

‘ಅವ್ರ ಮಂಚ ಸರ್ಯಾಗಿ ಇದ್ರ ಕೆಳಗೇ ಐತೆ ಕಣವ್ವ. ನಿಮ್ ಮಗು ದಡ್ ಅನ್ಸಿದಾಗೆಲ್ಲ ಬೆಚ್ಚಿಬೀಳ್ತಾರೆ.’

‘ಸಂಜೆ ಒಂದು ಗಂಟೆ ಅಷ್ಟೇ ಆಂಟಿ. ಡಾಕ್ಟ್ರು ಹೇಳಿದಾರೆ.’

‘ಅಂಗಾರೆ ಬ್ಯಾರೆ ಮನೆ ನೋಡ್ಕಳವ್ವ’ ಎಂದರು. ಸಿಟ್ಟಿನಲ್ಲಲ್ಲ, ದಣಿದು ಹೇಳಿದರು. ಅದಕ್ಕೇ ನನಗೆ ಜಗಳವಾಡಲೂ ಆಗಲಿಲ್ಲ.

ಮನೆ ಬದಲಿಸುವುದು ಬೇಡವೆಂದು ಗಂಡ ಹಠ ಹಿಡಿದರು. ನಾನು ಹೊಸ ಆಟ ಕಲಿಸಿದೆ. ‘ನಾವು ಬೆಕ್ಕು. ಕೆಳಗೆ ಅಜ್ಜ ಮಲಗಿದಾರೆ. ಸದ್ದು ಮಾಡಿದವರು ಔಟ್.’ ಮಗಳು ಅದರಲ್ಲಿ ಬಲು ಬೇಗ ಪಳಗಿದಳು. ತುದಿಗಾಲಲ್ಲಿ ನಡೆದು ಬಂದು ನನ್ನ ಬೆನ್ನ ಹಿಂದೆ ನಿಂತರೂ ಗೊತ್ತಾಗುತ್ತಿರಲಿಲ್ಲ. ನಾನು ಶಭಾಷ್ ಎನ್ನುತ್ತಿದ್ದೆ.

ನಾಲ್ಕು ತಿಂಗಳಿಗೆ ಕೆಳಗಿನ ಅಜ್ಜ ತೀರಿಕೊಂಡರು. ತಿಥಿ ಮುಗಿದ ಮೇಲೆ ಆಂಟಿ ಮೇಲೆ ಬಂದು ಮಗಳ ತಲೆ ಸವರಿದರು. ‘ಇನ್ನ ಕುಣಿಯವ್ವ. ಕೆಳಗೆ ಬಿಕೋ ಅಂತದೆ.’

ಅವರು ಇಳಿದು ಹೋದ ಮೇಲೆ ದಿಂಬು ಪೇರಿಸಿ ಕರೆದೆ. ಮಗಳು ಬಾಗಿಲ ಹತ್ತಿರವೇ ನಿಂತಳು.

‘ಅಜ್ಜ ಎದ್ಬಿಡ್ತಾರೆ.’

‘ಅಜ್ಜ ಇಲ್ಲ ಪುಟ್ಟಿ, ಸತ್ತೋದ್ರು.’

ಪೇರಿಸಿದ ದಿಂಬುಗಳನ್ನು ನೋಡಿದಳು. ‘ನಾನು ಮೊದ್ಲು ಕುಣಿದಿದ್ದಕ್ಕಾ?’

ಅಲ್ಲ ಎಂದೆ. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅವಳು ತಲೆಯಾಡಿಸಿದಳು, ಜಿಗಿಯಲಿಲ್ಲ. ಮುಂದಿನ ವರ್ಷ ನೆಲಮಹಡಿಯ ಮನೆಗೆ ಬಂದೆವು. ಅಂಗಳವೂ ಇತ್ತು. ಜಗಲಿಯ ಮೇಲೆ ಕೂತು ಚಿತ್ರ ಬರೆದಳು.

ಈಗ ಅವಳು ಮೂರನೇ ಕ್ಲಾಸು. ಮೊನ್ನೆ ನಮ್ಮ ಶಾಲೆಯ ಹುಡುಗಿಯರು ಚನ್ನರಾಯಪಟ್ಟಣದಲ್ಲಿ ಖೋಖೋ ಗೆದ್ದರು. ಹೆಡ್ಮಾಸ್ಟರು ನನಗೆ ಶಾಲು ಹೊದಿಸಿದರು. ಅದೇ ವಾರ ಮಗಳ ಶಾಲೆಗೆ ಹೋಗಿದ್ದೆ. ‘ನಿಮ್ಮ ಮಗಳು ತುಂಬಾ ಒಳ್ಳೆಯವಳು ಮೇಡಂ, ಕ್ಲಾಸಲ್ಲಿ ಇದ್ದಾಳೆ ಅಂತಾನೇ ಗೊತ್ತಾಗಲ್ಲ’ ಎಂದರು ಅವಳ ಟೀಚರ್. ಥ್ಯಾಂಕ್ಸ್ ಹೇಳಿ ಬಂದೆ.