ಸಣ್ಣತಾಯಮ್ಮ ಕೇಳುವ ಕೈಚೀಲದ ಪ್ರಶ್ನೆ

ಆಲ್ಟಮಾಂಟ್ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗತೊಡಗಿವೆ. ಒಣಹುಲ್ಲಿನ ಇಳಿಜಾರಿಗೆ ಅರುಣೋದಯದ ಕೆಂಪು ಇನ್ನೂ ಪೂರ್ತಿಯಾಗಿ ಇಳಿದಿಲ್ಲ. ಲಿವರ್‌ಮೋರ್ ಪಟ್ಟಣದ ಅಂಚಿನ ಕೋವಿ ಅಂಗಡಿಯ ಹಿಂಬದಿಯಲ್ಲಿ, ಉದ್ದನೆಯ ಮರದ ಮೇಜಿನ ಮುಂದೆ, ಸಣ್ಣತಾಯಮ್ಮ ಆಗಲೇ ಕೆಲಸಕ್ಕೆ ನಿಂತಿದ್ದಾರೆ. ಹಣೆಯಲ್ಲಿ ಕಾಸಗಲ ಕುಂಕುಮ, ಸೀರೆಯ ಮೇಲೆ ಅಂಗಡಿಯ ನೀಲಿ ಏಪ್ರನ್. ಹಿಂದಿನ ದಿನ ಗಿರಾಕಿಗಳು ಗುರಿಯ ಅಭ್ಯಾಸಕ್ಕೆ ಒಯ್ದು ಮರಳಿಸಿದ ರಿವಾಲ್ವರುಗಳು ಎದುರಿಗೆ ಸಾಲಾಗಿ ಮಲಗಿವೆ. ಒಂದೊಂದನ್ನೂ ಎತ್ತಿ, ಗುಂಡಿನ ಉರುಳೆಯನ್ನು ಹೊರಕ್ಕೆ ತೆರೆದು, ಪ್ರತಿ ಗೂಡಿಗೂ ಕಿರುಬೆರಳು ತೂರಿಸಿ ನೋಡಿ, ಮಂತ್ರೋಚ್ಚಾರಣೆಯ ನಿಷ್ಠೆಯಿಂದ "ಖಾಲಿ" ಎನ್ನುತ್ತಾರೆ. ಎಣ್ಣೆಬಟ್ಟೆಯ ಸರದಿ ಅದಾದ ಮೇಲೆಯೇ.

ಯಾಕೆಂದು ಕೇಳಿದವರಿಗೆ ಅವರ ಉತ್ತರ: "ಬಾಯ್ಬಿಟ್ಟು ಯೋಳ್ಬೇಕು ಕಣಪ್ಪ. ಮನ್ಸಲ್ಲೇ ಅಂದ್ಕಂಡ್ರೆ ಮನ್ಸು ಸುಳ್ಳು ಯೋಳ್ತದೆ."

ಮದ್ದೂರಿನ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಈಕೆಗೆ ಈ ವಿದ್ಯೆ ಪಿತ್ರಾರ್ಜಿತ. ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲು ರೈತರು ಇಟ್ಟುಕೊಂಡಿದ್ದ ಕೋವಿಗಳನ್ನು ತಂದೆ ರಿಪೇರಿ ಮಾಡುವಾಗ ಮಗಳು ಪಕ್ಕದಲ್ಲಿ ಕುಳಿತು ನಳಿಗೆ ಉಜ್ಜುತ್ತಿದ್ದಳು. ಲೇತ್ ಯಂತ್ರದ ಕೆಲಸಗಾರರಾದ ಪತಿ ಸಿದ್ದರಾಜು ಅವರೊಡನೆ ಈ ದೇಶಕ್ಕೆ ಬಂದು ನೆಲಸಿದ ಕೆಲವೇ ವರ್ಷಗಳಲ್ಲಿ ಪತಿಯ ಬೆನ್ನು ಕೈಕೊಟ್ಟಿತು. ಸಂಸಾರದ ನೊಗಕ್ಕೆ ಸಣ್ಣತಾಯಮ್ಮ ಹೆಗಲು ಕೊಟ್ಟರು. ಈ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಒಂದು ದಿನ ಆರಡಿಯ ಗಿರಾಕಿಯೊಬ್ಬ ಗುಂಡು ಹಾರಿಸುವ ಟ್ರಿಗರಿನ ಮೇಲೆ ಬೆರಳಿಟ್ಟುಕೊಂಡೇ ಪಿಸ್ತೂಲನ್ನು ಅತ್ತಿತ್ತ ಆಡಿಸುತ್ತಿದ್ದಾಗ, ಪೊರಕೆ ಎತ್ತಿಹಿಡಿದು "ತೆಗಿಯೋ ಬೆಳ್ಳ!" ಎಂದು ಗುಡುಗಿದರು. ಕನ್ನಡದ ಗಂಧವಿಲ್ಲದ ಆತ ತಕ್ಷಣ ಬೆರಳು ತೆಗೆದ. ಮಾಲೀಕ ವಾಲ್ಟ್ ಮರುವಾರವೇ ಈಕೆಯನ್ನು ಕೌಂಟರಿಗೆ ನಿಲ್ಲಿಸಿದ. ಆಯುಧಪೂಜೆಯಂದು ಮೇಜಿಗೆ ಕುಂಕುಮವಿಡಲು ಅವನ ಅಡ್ಡಿಯಿಲ್ಲ. ಆ ಕೆಂಪು ಪುಡಿ ನಳಿಗೆಯೊಳಕ್ಕೆ ಹೋಗಬಾರದೆಂಬುದೊಂದೇ ಅವನ ಕರಾರು.

ಇಲ್ಲಿನ ನಮ್ಮವರ ಕೂಟಗಳಲ್ಲಿ ಮಾತ್ರ ಅವರ ಉದ್ಯೋಗದ ಪ್ರಸ್ತಾಪವೇ ಇಲ್ಲ. "ಅಂಗಡೀಲಿ ಕೆಲ್ಸ" ಎಂದು ಅವರು ಹೇಳುವುದು ಅಷ್ಟೇ. ಯಾವ ಅಂಗಡಿಯೆಂದು ಯಾರೂ ಕೇಳುವುದಿಲ್ಲ. ಊಟದ ಹೊತ್ತಿನಲ್ಲಿ ಅವರು ಎಲ್ಲರೊಡನೆ ಕೂರದೆ ಮಲಗುವ ಕೋಣೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಸಂಕೋಚದ ಸ್ವಭಾವವೆಂದು ಜನ ತಿಳಿದಿದ್ದಾರೆ. ಕಾರಣ ಬೇರೆಯೇ ಇದೆ. ಕಳೆದ ವರ್ಷ ಇಂಥದೇ ಒಂದು ಕೂಟದಲ್ಲಿ ಪುಟ್ಟ ಹುಡುಗಿಯೊಬ್ಬಳು ತುಟಿಗೂ ಕೆನ್ನೆಗೂ ಲಿಪ್‌ಸ್ಟಿಕ್ ಬಳಿದುಕೊಂಡು ಆ ಕೋಣೆಯಿಂದ ಹೊರಬಂದಳು. ಅಲ್ಲಿ ರಾಶಿ ಹಾಕಿದ್ದ ಯಾರದೋ ಕೈಚೀಲದಿಂದ ತೆಗೆದದ್ದು. ಮನೆಯೆಲ್ಲ ನಕ್ಕಿತು. ಸಣ್ಣತಾಯಮ್ಮ ಮಾತ್ರ ತಟ್ಟೆ ಹಿಡಿದು ಆ ಕೋಣೆಯ ಬಾಗಿಲಿಗೆ ಹೋಗಿ ನಿಂತರು.

ದೀಪಾವಳಿ ಸಮೀಪಿಸುತ್ತಿರುವ ಈ ಅಕ್ಟೋಬರಿನಲ್ಲಿ, ಇಂತಿಷ್ಟು ದಿನ ಕಾದಲ್ಲದೆ ಕೈಕೋವಿ ಕೊಡಬಾರದೆಂಬ ಕಾನೂನನ್ನು ಲೆಕ್ಕಹಾಕಿಕೊಂಡೇ, ಗಿರಾಕಿಯೊಬ್ಬರು ಅಂಗಡಿಯ ಬಾಗಿಲು ತೆರೆಯುತ್ತಿದ್ದಂತೆ ಬಂದಿದ್ದಾರೆ. ಮೈಸೂರು ಮೂಲದ ನಿರುಪಮಾ, ಸಾಂಟಾ ಕ್ಲಾರಾದ ಎಲ್ ಕಮೀನೋ ರಸ್ತೆಯಲ್ಲಿ ಸೀರೆ ಮತ್ತು ಚಿನ್ನದ ಅಂಗಡಿ ನಡೆಸುವವರು. ಕಳೆದ ತಿಂಗಳು ಅಂಗಡಿಯ ಹಿಂದಿನ ಪಾರ್ಕಿಂಗಿನಲ್ಲಿ ಇಬ್ಬರು ಅವರನ್ನು ಕೆಡವಿ ಕೈಚೀಲ ಕಿತ್ತು ಓಡಿದ್ದಾರೆ. ಮೊಣಕೈಯ ಗಾಯ ಮಾಗಿದೆ. ಕತ್ತಲಲ್ಲಿ ಕಾರಿನವರೆಗೆ ನಡೆಯುವ ಧೈರ್ಯ ಮಾತ್ರ ಮರಳಿಲ್ಲ. ಹಬ್ಬದೊಳಗೆ ಅದು ಮರಳದಿದ್ದರೆ ಅಂಗಡಿ ಮುಚ್ಚುವುದೆಂದು ನಿಶ್ಚಯಿಸಿದ್ದಾರೆ. ಕೋವಿಯನ್ನು ಮರೆಯಲ್ಲಿ ಒಯ್ಯುವ ಪರವಾನಗಿ ಈ ಪ್ರದೇಶದಲ್ಲಿ ದುರ್ಲಭ. ಚಿನ್ನದ ವ್ಯಾಪಾರವೆಂಬ ಕಾರಣಕ್ಕೆ ಪೊಲೀಸ್ ಮುಖ್ಯಸ್ಥರು ಒಪ್ಪಿದ್ದಾರೆ. ಜೊತೆಗೆ ಬಂದ ಪತಿ, ಎಂಜಿನಿಯರ್ ರಘೋತ್ತಮ, ಗಾಜಿನ ಪೆಟ್ಟಿಗೆಯಲ್ಲಿದ್ದ ಅಂಗೈಯಗಲದ ಪಿಸ್ತೂಲನ್ನು ನೋಡಿದೊಡನೆ ತೀರ್ಮಾನ ಕೊಡುತ್ತಾರೆ: "ಇದೇ ಪರ್ಫೆಕ್ಟು. ಲೇಡೀಸ್ ಬ್ಯಾಗಿಗೆ ಅಂತಾನೇ ಡಿಸೈನ್ ಮಾಡಿರೋ ಹಾಗಿದೆ."

"ಬ್ಯಾಗಿಗೋ, ಕೈಗೋ?" ಸಣ್ಣತಾಯಮ್ಮ ಅದನ್ನು ತೆರೆದು ತೋರಿಸಿ "ಖಾಲಿ" ಎನ್ನುತ್ತಾರೆ, ನಿರುಪಮಾ ಅವರಿಂದಲೂ ನೋಡಿಸಿ ಅನ್ನಿಸುತ್ತಾರೆ. ಗುಂಡೇರಿಸಲು ಎಳೆಯಬೇಕಾದ, ಪಿಸ್ತೂಲಿನ ಮೇಲಿನ ಉಕ್ಕಿನ ಪಟ್ಟಿಯನ್ನು ಹಿಂದಕ್ಕೆಳೆಯಲು ಹೋದ ನಿರುಪಮಾ ಅವರ ಬೆರಳು ಜಾರುತ್ತದೆ. ಎರಡನೆಯ ಸಲ ಬಳೆಯೊಂದು ಒಡೆಯುತ್ತದೆ. ಸಣ್ಣತಾಯಮ್ಮ ಐದು ಗುಂಡಿನ ಉಕ್ಕಿನ ರಿವಾಲ್ವರೊಂದನ್ನು ಮುಂದಿಡುತ್ತಾರೆ.

"ಅಯ್ಯೋ, ಎಷ್ಟು ಹೆವಿ! ನನ್ನ ಟೂಲ್‌ಬಾಕ್ಸೇ ವಾಸಿ," ಎನ್ನುತ್ತಾರೆ ರಘೋತ್ತಮ.

"ಹೊರೋದು ನಾನು ತಾನೆ? ನೀವು ಸುಮ್ನೆ ಕಾರ್ ಓಡ್ಸಿ ಸಾಕು," ಎಂದು ಮಡದಿ.

"ಭಾರ ಇದ್ರೆ ಒಳ್ಳೇದು ಕಣವ್ವ. ಹಗೂರದ್ದು ಒದೀತದೆ. ಒಂದ್ಸಲ ಒದ್ರೆ ಅದ್ನ ಇನ್ನೊಂದ್ಸಲ ಮುಟ್ಟಾಕೇ ಮನ್ಸು ಬರಾಕಿಲ್ಲ, ಕಲ್ಯಾದೆಂಗೆ?"

ಅಂಗಡಿಯ ಹಿಂದಿನ ಗುರಿಗಟ್ಟೆಯಲ್ಲಿ ಎರಡನ್ನೂ ಹಾರಿಸಿ ನೋಡಿ ಮರಳಿದ ನಿರುಪಮಾ ಅವರ ಮುಖದಲ್ಲಿ ತಿಂಗಳಿಂದ ಕಾಣದ ಕಾಂತಿ. ರಿವಾಲ್ವರೇ ಆಯ್ಕೆ. "ಇದು ಬ್ಯಾಗಲ್ಲಿ ಹಿಡಿಸುತ್ತೆ ಅಲ್ವಾ?" ಎಂದು ಹೊಸ ಕೈಚೀಲದ ಬಾಯಿ ಅಗಲಿಸುತ್ತಾರೆ.

ಸಣ್ಣತಾಯಮ್ಮ ರಿವಾಲ್ವರನ್ನು ಮೆಲ್ಲನೆ ತಮ್ಮತ್ತ ಎಳೆದುಕೊಳ್ಳುತ್ತಾರೆ. "ಹಬ್ಬಕ್ಕೆ ಯಾರ ಮನೆಗಾದ್ರೂ ಓದ್ರೆ ಬ್ಯಾಗ್ನ ಎಲ್ಲಿ ಮಡಗ್ತೀರವ್ವ?"

"ಬೆಡ್‌ರೂಮಲ್ಲಿ. ಮಂಚದ ಮೇಲೆ. ಎಲ್ಲರ ಕೋಟು, ಬ್ಯಾಗು ಅಲ್ಲೇ ರಾಶಿ ಹಾಕೋದು."

"ಮಕ್ಳು ಎಲ್ಲಿ ಆಡ್ತವೆ?"

ನಿರುಪಮಾ ಅವರ ಮಗಳಿಗೆ ಆರು ವರ್ಷ. ಕೈಚೀಲ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಅವರೇ ಹೇಳುತ್ತಾರೆ: "ಕಳ್ಳರು ಕಿತ್ಕೊಂಡಿದ್ದೂ ಬ್ಯಾಗನ್ನೇ."

ವಿಜಯದಶಮಿಯಂದು ಬನ್ನಿಯೆಲೆ ಹಂಚುವ ನಮಗೆ, ಆ ಮರದಲ್ಲಿ ಆಯುಧಗಳನ್ನು ಅಡಗಿಸಿಟ್ಟ ಪ್ರಾಚೀನ ವೃತ್ತಾಂತ ತಿಳಿದದ್ದೇ. ಅವನ್ನು ಶವದಂತೆ ಸುತ್ತಿ ಕಟ್ಟಿದ್ದು ದನಗಾಹಿಗಳು ಕೂಡ ಹತ್ತಿರ ಸುಳಿಯದಿರಲೆಂದು. ಆಯುಧವನ್ನು ಮರೆಮಾಡುವುದು ವೈರಿಯ ಕಣ್ಣಿನಿಂದ ಮಾತ್ರವಲ್ಲ, ಅರಿಯದವರ ಕೈಯಿಂದಲೂ ಎಂಬ ಧರ್ಮಸೂಕ್ಷ್ಮ ಅಲ್ಲಿದೆ. ಸಣ್ಣತಾಯಮ್ಮ ಅದನ್ನು ಕೌಂಟರಿನ ಭಾಷೆಯಲ್ಲಿ ಹೇಳುತ್ತಾರೆ: "ಇದ್ರೆ ಮೈ ಮ್ಯಾಲೆ, ಇಲ್ದಿದ್ರೆ ಬೀಗ ಹಾಕಿರೋ ಬೀರೂಲಿ. ಮೂರ್ನೇ ಜಾಗ ಇಲ್ಲ."

ಸೀರೆಯುಡುವವರ ಮೈಯಲ್ಲಿ ಕೋವಿಗೆ ಸ್ಥಳವೆಲ್ಲಿ? ಈ ದೇಶದ ತೊಗಲು ಒರೆಗಳೆಲ್ಲ ಪ್ಯಾಂಟಿನ ಬೆಲ್ಟಿಗೆ ಹೊಲಿದವು. ಸಣ್ಣತಾಯಮ್ಮ ದಪ್ಪ ಕ್ಯಾನ್ವಾಸಿನಲ್ಲಿ ಪಟ್ಟಿ ಹೊಲಿದು ಲಂಗದ ಮೇಲೆ ಬಿಗಿಸುತ್ತಾರೆ. ಒರೆ ಬಲಗಡೆಗಿದ್ದರೆ ಬರಿ ಸೊಂಟದಲ್ಲಿ ಎದ್ದು ಕಾಣುತ್ತದೆಂದು ಕನ್ನಡಿ ನೋಡಿ ಹೇಳಿದವರು ನಿರುಪಮಾ. ಸೆರಗಿನ ಮರೆಗೆ, ಎಡಕ್ಕೆ ತಿರುಗಿಸಿದವರೂ ಅವರೇ. "ಈ ಐಡಿಯಾ ನಿಮ್ದು ಕಣವ್ವ. ಇನ್ಮುಂದೆ ಎಲ್ರಿಗೂ ಇಂಗೇ ಹೊಲೀತೀನಿ," ಎಂದು ಸಣ್ಣತಾಯಮ್ಮ ಹೊಲಿಗೆ ಬಿಚ್ಚುತ್ತಾರೆ. ಕಾಯುವ ಅವಧಿ ಮುಗಿದು ಕೋವಿ ಕೈಸೇರಿದ ಸಂಜೆ ನಿರುಪಮಾ ತಾವೇ ತಮ್ಮ ಅಂಗಡಿಗೆ ಬೀಗ ಹಾಕಿ, ಕಾರಿನವರೆಗೆ ಒಬ್ಬರೇ ನಡೆಯುತ್ತಾರೆ.

ದೀಪಾವಳಿಯ ಕೂಟ ಪ್ಲೆಸೆಂಟನ್ನಿನ ಮನೆಯೊಂದರಲ್ಲಿ, ಈ ವರ್ಷದ ಎರಡು ಕೂಟ ಆಗಲೇ ನಡೆದಿರುವ ಮನೆಯಲ್ಲಿ. ಸಣ್ಣತಾಯಮ್ಮ ಎಂದಿನಂತೆ ತಟ್ಟೆ ಹಿಡಿದು ಮಲಗುವ ಕೋಣೆಯ ಬಾಗಿಲಲ್ಲಿದ್ದಾರೆ. ಒಳಗೆ ಕೋಟುಗಳ ರಾಶಿಯ ಮೇಲೆ ಮಕ್ಕಳು ಕುಣಿಯುತ್ತಿದ್ದಾರೆ. ನಿರುಪಮಾ ಬಂದು, ತಮ್ಮ ಕೈಚೀಲವನ್ನು ಅವರ ಮುಂದೆ ಅಗಲವಾಗಿ ತೆರೆದು ಹಿಡಿಯುತ್ತಾರೆ. ಬಾಚಣಿಗೆ, ಕಾರಿನ ಕೀಲಿ, ಮಗಳ ಕಾಲುಚೀಲ. "ಖಾಲಿ. ಅದು ಬೀರೂಲಿದೆ. ನೀವೂ ಹೇಳಿ," ಎನ್ನುತ್ತಾರೆ ನಗುತ್ತ.

ಸಣ್ಣತಾಯಮ್ಮ ಚೀಲಕ್ಕೆ ಕೈಹಾಕಿ, ಮೂಲೆಯವರೆಗೂ ಬೆರಳಾಡಿಸಿ ನೋಡುತ್ತಾರೆ. "ಖಾಲಿ."

ಚೀಲ ಮಂಚ ಸೇರುತ್ತದೆ. ಮನೆಯೊಡತಿ ವಸುಧಾ ಬೆರಗಿನಿಂದ, "ನಿಮ್ಮಿಬ್ಬರಿಗೂ ಹೇಗೆ ಪರಿಚಯ?" ಎಂದು ಕೇಳಿದರೆ, ನಿರುಪಮಾ ಅವರೇ ಉತ್ತರಿಸುತ್ತಾರೆ: "ಕತ್ತಲಲ್ಲಿ ಒಬ್ಬಳೇ ನಡೆಯೋದನ್ನ ನನಗೆ ಕಲಿಸಿದ ಟೀಚರು ಇವರು. ಕೋವಿ ಅಂಗಡೀಲಿ ಕೆಲಸ ಮಾಡ್ತಾರೆ. ನಿಮ್ಮನೆಗೆ ಬರೋರ ಬ್ಯಾಗಲ್ಲಿ ಏನೇನಿರಬಹುದು ಅಂತ ನೀವೂ ಇವರನ್ನ ಕೇಳಿ."

ವಸುಧಾ ಕೋಣೆಯೊಳಗಿನ ರಾಶಿಯನ್ನೂ ಮಕ್ಕಳನ್ನೂ ನೋಡುತ್ತಾರೆ. ಆಮೇಲೆ ತಾವಾಗಿಯೇ ಒಳಹೋಗಿ, ಚೀಲಗಳನ್ನೆಲ್ಲ ತೋಳ್ತುಂಬ ಎತ್ತಿ ಮೇಲಿನ ಕಪಾಟಿಗೆ ಸೇರಿಸಿ ಬಾಗಿಲು ಹಾಕುತ್ತಾರೆ.

ಸಣ್ಣತಾಯಮ್ಮ ಎಲ್ಲರ ನಡುವೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

"ಇನ್ನೊಂದು ಹೋಳಿಗೆ ಹಾಕ್ರವ್ವ," ಎನ್ನುತ್ತಾರೆ. "ಈ ಮನೇಲಿ ಕೂತ್ಕಂಡು ಉಣ್ತಿರೋದು ಇವತ್ತೇ ಮೊದ್ಲು."